ಕೌನ್ಸಿಲ್ ಮಾಸ್ತರರು ನಿವೃತ್ತರಾದದ್ದು

ಅವರು ತೀರಿಕೊಂಡ ಸುದ್ದಿಯನ್ನು ಬೈಲಹೊಂಗಲದಿಂದ ಬಂದವರೊಬ್ಬರು ಹೇಳಿದಾಗ ನನಗೆ ಮೊದಲು ಅಳು ಬರಲಿಲ್ಲ, ಅನುಮಾನ ಬಂತು. "ನೀವು ಕಣ್ಣಾರೆ ನೋಡೀರೇನು?" ಎಂದು ಕೇಳಿಬಿಟ್ಟೆ. ಬಂದವರು ಬೆಪ್ಪಾದರು. ಸತ್ತವರ ಬಗ್ಗೆ ಹಾಗೆ ಕೇಳಬಾರದೆಂಬುದು ನನಗೂ ಗೊತ್ತು. ಆದರೆ ಆ ಮನುಷ್ಯರ ಕೈಕೆಳಗೆ ಕೆಲಸ ಮಾಡಿದವರು ಯಾರಾದರೂ ಮೊದಲು ಅದನ್ನೇ ಕೇಳುತ್ತಿದ್ದರು. ಅವರು ಹೊರಟರೆಂದರೆ ಇನ್ನೆಲ್ಲೋ ಹೋಗಿ ಕೂಡುವುದಕ್ಕೆ ಹೊರಟಿದ್ದಾರೆ ಎಂದೇ ಲೆಕ್ಕ. ಯಾರನ್ನಾದರೂ ಹೊಗಳಿದರೆಂದರೆ ಅವರ ಕಥೆ ಮುಗಿಯಿತು ಎಂದು ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಅವರ ಹೆಸರು ನಾನು ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಹೊಗಳಿದರೂ ಜಗಳ, ತೆಗಳಿದರೂ ಜಗಳ. ಚಚಡಿಯ ಕಡೆಯ ಒಕ್ಕಲುತನದ ಮನೆಯವರು. ಬೈಲಹೊಂಗಲದ ಗಂಡುಮಕ್ಕಳ ಶಾಲೆಗೆ ಹೆಡ್ ಮಾಸ್ತರರಾಗಿದ್ದು, ಸಂಸ್ಥೆಯ ಹೆಣ್ಣುಮಕ್ಕಳ ಶಾಲೆಯನ್ನೂ ನೋಡಿಕೊಳ್ಳುತ್ತಿದ್ದರು. ಮಾಸ್ತರಿಕೆಯ ಕಡೆಯ ವರ್ಷಗಳಲ್ಲಿ ಮುಂಬಯಿ ಕೌನ್ಸಿಲ್ಲಿಗೆ ಆರಿಸಿ ಬಂದರು. ಮಾಸ್ತರಿಕೆಯನ್ನು ಮಾತ್ರ ಬಿಡಲಿಲ್ಲ. ಧಾರವಾಡದಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗಿ ಕಾಯಿದೆ ಮಾಡಿ ಬರುವುದು, ಮರುದಿನ ಬಂದು ಹುಡುಗರಿಗೆ ಮಗ್ಗಿ ಕೇಳುವುದು. ಹಾಗಾಗಿ ಊರು ಅವರನ್ನು ಕೌನ್ಸಿಲ್ ಮಾಸ್ತರ್ರು ಅಂದಿತು. ಅದರಲ್ಲಿ ಗೌರವ ಎಷ್ಟಿತ್ತು, ಚೇಷ್ಟೆ ಎಷ್ಟಿತ್ತು ಎಂದು ಊರಿನವರಿಗೇ ಗೊತ್ತಿರಲಿಲ್ಲ.

ಎತ್ತರದ ಆಳಲ್ಲ. ಉದ್ದ ಕೋಟು, ಕಚ್ಚೆ ಹಾಕಿದ ಧೋತರ, ತಲೆಗೆ ರುಮಾಲು, ಕಂಕುಳಲ್ಲಿ ಛತ್ರಿ. ಆ ಛತ್ರಿ ಬಿಚ್ಚಿದ್ದನ್ನು ನಾನು ಕಂಡವಳಲ್ಲ. ಮಳೆ ಬಂತೆಂದರೆ ಯಾರದಾದರೂ ಮನೆಯ ಕಟ್ಟೆ ಹತ್ತಿ ನಿಲ್ಲುತ್ತಿದ್ದರು. ನಿಂತವರು ಸುಮ್ಮನೆ ನಿಲ್ಲುತ್ತಿರಲಿಲ್ಲ. "ನಿಮ್ಮ ನಡುವಿನ ಹುಡುಗಿ ಸಾಲಿಗೆ ಬರಾಕತ್ತಿಲ್ಲಲ್ಲ, ಆರಾಮ ಇಲ್ಲೇನ್ರಿ?" ಎಂದು ಒಳಗಿನವರಿಗೆ ಕೇಳುವಂತೆ ವಿಚಾರಿಸುತ್ತಿದ್ದರು. ಮಳೆಯಲ್ಲಿ ಮನುಷ್ಯನನ್ನು ಹೊರಗೆ ನೂಕುವಂತಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡದೆ ಇರುವಂತಿಲ್ಲ. ಛತ್ರಿ ಬಿಚ್ಚದೆ ಇರುವುದಕ್ಕೆ ಇದೇ ಕಾರಣವೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಹೊಳೆದ ಮೇಲೆ ಅವರ ರುಮಾಲಿನ ಬಗ್ಗೆಯೂ ಅನುಮಾನ ಬಂತು.

ಹೌದು ಎಂದಾಗಲಿ ಇಲ್ಲ ಎಂದಾಗಲಿ ಅವರ ಬಾಯಿಂದ ಬರುತ್ತಿರಲಿಲ್ಲ. ಏನು ಕೇಳಿದರೂ "ನೋಡೂಣು." ನಮ್ಮ ಕಡೆ ನೋಡೂಣು ಅಂದರೆ ಆಗುವುದಿಲ್ಲ ಎಂದೇ ಅರ್ಥ, ಸಣ್ಣ ಹುಡುಗರಿಗೂ ಇದು ಗೊತ್ತು. ಇವರ ನೋಡೂಣು ಮಾತ್ರ ಒಮ್ಮೊಮ್ಮೆ ಆಗಿಬಿಡುತ್ತಿತ್ತು. ಕಷ್ಟ ಇದ್ದದ್ದು ಅಲ್ಲೇ. ಇಲ್ಲವೆಂದು ತಿಳಿದು ಸುಮ್ಮನಾದವರು ಕೆಟ್ಟರು, ಹೌದೆಂದು ತಿಳಿದು ಕುಣಿದವರೂ ಕೆಟ್ಟರು.

ನನ್ನ ಅನುಮಾನ ಶುರುವಾದದ್ದು ರಾಮದುರ್ಗದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ನಮ್ಮದು ಪೂಜೆ ಪುರಾಣದ ಮನೆ. ಮದುವೆಯೆಂದರೆ ಏನೆಂದು ತಿಳಿಯುವ ಮೊದಲೇ ನಾನು ವಿಧವೆಯಾಗಿದ್ದೆ. ಅಪ್ಪ ಇದ್ದಾಗ ಹಟ ಮಾಡಿ ಓದಿಸಿದ್ದರು, ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗೂ ಆಗಿತ್ತು. ಅಪ್ಪ ಹೋದಮೇಲೆ ಆ ಓದು ಅಟ್ಟಕ್ಕೇರಿತು, ನಾನು ಅಡಿಗೆ ಮನೆ ಸೇರಿದೆ. ಆಗ ಒಂದು ದಿನ ಇವರು ಬಂದರು. ಮುಹೂರ್ತ ಕೇಳುವ ನೆಪ. ಅಣ್ಣನ ಜೊತೆ ಪಂಚಾಂಗ ಮಾತಾಡಿದರು, ತುಪ್ಪ ಮಾತಾಡಿದರು, ಬೈಲಹೊಂಗಲದಲ್ಲಿ ಅಕ್ಕೋರು ಸಿಗದೆ ಬೇರೆ ಧರ್ಮದ ಹೆಣ್ಣುಮಗಳೊಬ್ಬಳನ್ನು ಕರೆಸಬೇಕಾದೀತು ಎಂದು ನಿಟ್ಟುಸಿರು ಬಿಟ್ಟರು. ಹೆಣ್ಣುಮಕ್ಕಳಿಗೆ ಕಲಿಸುವ ಶಿಕ್ಷಕಿಗೆ ನಾವು ಅಕ್ಕೋರು ಅನ್ನುತ್ತೇವೆ. ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ, ನನ್ನ ಹೆಸರು ಎತ್ತಲಿಲ್ಲ. ಹೋದರು. ಕೆಲವು ದಿನದ ಮೇಲೆ ಅಣ್ಣ ತಾನೇ ಹೊಸದಾಗಿ ಕಂಡುಹಿಡಿದವನ ಹಾಗೆ, "ನಮ್ಮ ತಂಗೀನೇ ಅದಾಳಲ್ಲ. ನಮ್ಮ ಧರ್ಮ ನಾವ ಉಳಿಸಿಕೋಬೇಕು" ಎಂದ. ನಾನು ಗಂಟು ಕಟ್ಟಿದೆ. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದಾರಿಯುದ್ದಕ್ಕೂ ಒಂದೇ ವಿಚಾರ: ಮುಹೂರ್ತ ಕೇಳಲು ಬಂದವರ ಮನೆಯಲ್ಲಿ ಮದುವೆ ಯಾವಾಗ ಆಯಿತು? ಅವರಿಗೆ ಮದುವೆ ವಯಸ್ಸಿನ ಮಕ್ಕಳೇ ಇರಲಿಲ್ಲ.

ಶಾಲೆ ನಡೆಯುತ್ತಿದ್ದುದು ದಲಾಲಿ ಅಡತಿ ಅಂಗಡಿಯ ಒಬ್ಬ ಸಾವುಕಾರರ ಹತ್ತಿ ಗೋದಾಮಿನಲ್ಲಿ. ಬೈಲಹೊಂಗಲವೆಂದರೆ ಹತ್ತಿ ಪೇಟೆ. ಸುಗ್ಗಿಯಲ್ಲಿ ಊರ ತುಂಬ ಹತ್ತಿಯ ಎಳೆಗಳು ಹಾರುತ್ತವೆ. ನಮ್ಮ ಹುಡುಗಿಯರು ಶಾಲೆ ಬಿಟ್ಟು ಹೊರಟರೆ ತಲೆಯ ತುಂಬ ಬೆಳ್ಳಗೆ, ಮುದುಕಿಯರು ಹೊರಟಂತೆ ಕಾಣುತ್ತಿತ್ತು. ಅಂಥ ಗೋದಾಮನ್ನು ಸಾವುಕಾರರು ಬಿಟ್ಟುಕೊಟ್ಟದ್ದಾದರೂ ಹೇಗೆ? ಕಿತ್ತೂರಿನವರು ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಡುತ್ತಾರಂತೆ ಎಂದು ಮಾಸ್ತರರು ಬೈಲಹೊಂಗಲದಲ್ಲಿ ಹೇಳಿದರು. "ಕಿತ್ತೂರಾಗ ಕೊಡತಾರಂದ್ರ ನಮಗೇನ ಧಾಡಿ?" ಎಂದು ಸಾವುಕಾರರು ಕೀಲಿಕೈ ಕೊಟ್ಟರು. ಮುಂದೆ ನಾನು ಕಿತ್ತೂರಿಗೆ ಹೋದಾಗ ಅಲ್ಲಿಯ ಅಕ್ಕೋರು ಹೇಳಿದರು, ಅಲ್ಲಿ ಜಾಗ ಸಿಕ್ಕಿದ್ದು ಬೈಲಹೊಂಗಲದವರು ಕೊಟ್ಟಿದ್ದಾರಂತೆ ಎಂಬ ಮಾತಿನ ಮೇಲೆ. ನಾವಿಬ್ಬರೂ ದಿನ ಹಿಡಿದು ತಾಳೆ ನೋಡಿದೆವು. ಇವರು ಎರಡೂ ಊರಲ್ಲಿ ಮಾತಾಡಿದಾಗ ಎರಡೂ ಊರಲ್ಲಿ ಯಾರೂ ಏನೂ ಕೊಟ್ಟಿರಲಿಲ್ಲ. ಅಕ್ಕೋರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಸುಳ್ಳಿನ ಅಡಿಪಾಯದ ಮೇಲೆ ಕೂತು ನಾನು ಹುಡುಗಿಯರಿಗೆ "ಸತ್ಯವನ್ನೇ ನುಡಿ" ಎಂದು ಕಾಪಿ ಬರೆಸುತ್ತಿದ್ದೆ.

ಕೌನ್ಸಿಲ್ಲಿನಲ್ಲಿ ಅವರು ಏನು ಮಾಡುತ್ತಿದ್ದರೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಅವರು ಅಲ್ಲಿ ನಿದ್ದೆ ಹೊಡೆಯುತ್ತಾರೆ ಎಂದು ಒಬ್ಬ ವಕೀಲರು ಸುದ್ದಿ ತಂದರು. ಕೇಳಿದ್ದಕ್ಕೆ ಇವರು ಸಿಟ್ಟಾಗಲಿಲ್ಲ. "ಹೌದ್ರಿ, ನಿದ್ದಿ ಹತ್ತಿದಾಂವನ ಮುಂದ ಮಂದಿ ಎಲ್ಲಾ ಮಾತಾಡತಾರ" ಎಂದರು. ವಕೀಲರು ಅಂದಿನಿಂದ ಅವರ ಎದುರು ಬಾಯಿ ಬಿಡುವುದನ್ನು ಕಡಿಮೆ ಮಾಡಿದರು.

ಇಂಥವರು ಒಂದು ದಿನ ಮಾಸ್ತರಿಕೆ ಬಿಡುತ್ತೇನೆ ಎಂದರು. ವಯಸ್ಸಾಯಿತು, ಇನ್ನು ಕೌನ್ಸಿಲ್ ಒಂದೇ ಸಾಕು ಎಂದು ಶಾಲೆಯ ಕಮಿಟಿಗೆ ಹೇಳಿದರು. ನಾನು ನಂಬಲಿಲ್ಲ. ಕಮಿಟಿಯವರು ಮಾತ್ರ ತಕ್ಷಣ ನಂಬಿದರು. ಕಮಿಟಿಯ ಹಿರಿಯರೆಂದರೆ ಅದೇ ಸಾವುಕಾರರು. ಅವರು ಎದ್ದು ನಿಂತು, ಇಂಥ ಮಹನೀಯರಿಗೆ ದೊಡ್ಡ ಸತ್ಕಾರ ಆಗಬೇಕು, ಎಲೆ ಅಡಿಕೆ ಕೊಟ್ಟು ಬೀಳ್ಕೊಡುವ ಪಾನಸುಪಾರಿ ಆಗಬೇಕು, ಶಾಲು ತಾನೇ ತರಿಸುತ್ತೇನೆ ಎಂದರು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನನ್ನ ಅಣ್ಣ ಹೇಳುತ್ತಿದ್ದ. ಅಣ್ಣನ ಮಾತು ನನಗೆ ಸರಿ ಅನಿಸಿದ್ದು ಅಪರೂಪ, ಅಂದು ಅನಿಸಿತು.

ಸಭೆ ಮುಗಿದ ಮೇಲೆ ನಾನು ಸಾವುಕಾರರನ್ನು ನೇರವಾಗಿ ಕೇಳಿದೆ. "ಮಾಸ್ತರ್ರು ಹೋದಮ್ಯಾಲೆ ನಮ್ಮ ಸಾಲಿ?"

"ಅಕ್ಕೋರ, ನೀವ ಹೇಳ್ರಿ. ಹುಡುಗೂರು ಎಷ್ಟು ಬರತಾವ? ಬೆರಳಾಗ ಎಣಸೂವಷ್ಟು. ಹತ್ತಿ ಹೊರಗ ಮಳ್ಯಾಗ ನೆನಿಯಾಕತ್ತೈತಿ. ಬೇಕಂದ್ರ ಹೆಣ್ಣಹುಡುಗೂರನ್ನೂ ಗಂಡ ಸಾಲ್ಯಾಗ ಕುಂದ್ರಸೂಣು."

ಗಂಡುಮಕ್ಕಳ ಶಾಲೆಯಲ್ಲಿ ಕೂಡಿಸುತ್ತೇವೆ ಎಂದರೆ ಒಬ್ಬ ತಾಯಿಯೂ ಮಗಳನ್ನು ಕಳಿಸುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. "ಊರಿಗೆ ಹೆಣ್ಣುಮಕ್ಕಳ ಸಾಲಿ ಬ್ಯಾಡೇನ್ರಿ ಹಂಗಾರ?" ಎಂದೆ. ಅವರು ನಕ್ಕರು. "ಊರಿಗೆ ಬೇಕಾಗಿತ್ತಂದ್ರ ಊರು ಬಂದು ನನ್ನ ಮುಂದ ಹೇಳಲಿ. ಕೀಲಿ ನಾ ಮುಟ್ಟೂದಿಲ್ಲ." ಊರು ಬಂದು ಹೇಳುವುದೆಂದು ಎಲ್ಲಾದರೂ ಇದೆಯೇ? ಶಾಲೆ ಮುಚ್ಚಿದರೆ ನನಗೆ ಮತ್ತೆ ರಾಮದುರ್ಗ, ಮತ್ತೆ ಅಣ್ಣನ ಮನೆಯ ಒಲೆ. ಆ ಒಲೆಯ ಮುಂದೆ ಕೂತರೆ ಮತ್ತೆ ಏಳುವುದು ಚಟ್ಟಕ್ಕೆ ಏರುವಾಗಲೇ. ನಾನು ಹೆದರಿದೆ.

ಮಾಸ್ತರರ ಹತ್ತಿರ ಓಡಿದೆ. "ನಿಮಗ ಶಾಲು ಹೊಚ್ಚಿ ನಮ್ಮ ಸಾಲಿ ಮುಚ್ಚತಾರ. ಸಾಲಿ ಬೇಕಂದ್ರ ಊರು ಬಂದು ಹೇಳಲಿ ಅಂತಾರ. ಗೊತ್ತದ ಏನ್ರಿ ನಿಮಗ?" ಎಂದೆ. ಅವರು ಛತ್ರಿಯ ತುದಿಯಿಂದ ನೆಲದ ಮೇಲೆ ಗೀರುತ್ತ ಕೂತಿದ್ದರು. "ನೋಡೂಣು" ಅಂದರು. ಮೈ ಉರಿದುಹೋಯಿತು. ಸಾವುಕಾರರೂ ಇವರೂ ಒಳಗೊಳಗೇ ಒಂದಾಗಿದ್ದಾರೆ ಎಂದು ಆ ದಿನ ಖಾತ್ರಿ ಮಾಡಿಕೊಂಡೆ.

ಸಮಾರಂಭದ ಹಸ್ತಪತ್ರಿಕೆ ಅಚ್ಚಾಗಿ ಬಂತು. ಕೆಲಸ ಮುಗಿಸಿದವರಿಗೆ ಪಿನ್ಶನ್ ಆಯಿತು ಎನ್ನುವುದು ಆಗಿನ ರೂಢಿ. ಹಸ್ತಪತ್ರಿಕೆಯಲ್ಲಿ ಮಾತ್ರ "ಸೇವಾನಿವೃತ್ತಿ" ಎಂದಿತ್ತು. ಈಗ ಆ ಪದ ಎಲ್ಲರ ಬಾಯಲ್ಲಿದೆ. ಅಂದು ನಮ್ಮ ಊರಲ್ಲಿ ನಿವೃತ್ತಿ ಎಂದರೆ ಒಂದೇ ಅರ್ಥ, ಮಠದಲ್ಲಿ ಪುರಾಣ ಹೇಳುವವರು ಹೇಳುವ ಅರ್ಥ: ಸಂಸಾರ ಬಿಟ್ಟು ವೈರಾಗ್ಯ ಹಿಡಿಯುವುದು. ಡಂಗುರ ಸಾರುವವನು ಓಣಿ ಓಣಿ ತಿರುಗಿ, "ಕೌನ್ಸಿಲ್ ಮಾಸ್ತರ್ರು ನಿವೃತ್ತಿ ಆಗತಾರ್ರಪೋ! ಎಲ್ಲಾರೂ ಬರ್ರೆಪೋ!" ಎಂದು ಕೂಗಿದ. ಸಂಜೆಯ ಹೊತ್ತಿಗೆ ಊರೆಲ್ಲ ಗುಲ್ಲು. ಮಾಸ್ತರರು ಕಾವಿ ಉಡುತ್ತಾರಂತೆ, ಸ್ವಾಮಿ ಆಗುತ್ತಾರಂತೆ. ಸವದತ್ತಿಯ ಕಡೆ ಯಾವುದೋ ಮಠಕ್ಕೆ ಕರೆದಿದ್ದಾರಂತೆ. ಅಲ್ಲ, ಉಗರಗೋಳದ ಹತ್ತಿರ ಗುಡ್ಡದಲ್ಲಿ ಗವಿ ನೋಡಿಟ್ಟಿದ್ದಾರಂತೆ. ಮಠದ ಹೊಲದ ಮೇಲೆ ಕಣ್ಣಂತೆ ಎಂದು ಗಂಡಸರು, ಪಾಪ ಹೆಂಡತಿಯ ಗತಿಯೇನು ಎಂದು ಹೆಂಗಸರು.

ಹೆಂಗಸರು ಗುಂಪು ಕಟ್ಟಿ ಅವರ ಹೆಂಡತಿಯನ್ನು ಸಮಾಧಾನ ಮಾಡಲು ಹೋದರು. ಏನು ನಡೆದಿದೆ ನೋಡೋಣವೆಂದು ನಾನೂ ಹೋದೆ. ಆ ತಾಯಿ ರೊಟ್ಟಿ ಬಡಿಯುತ್ತ ಕೂತಿದ್ದರು. ಕೈ ನಿಲ್ಲಿಸದೆ ಎಲ್ಲ ಕೇಳಿಕೊಂಡರು. "ಇವರು ಸ್ವಾಮಿ ಆಗತಾರ? ರೊಟ್ಟಿಗೆ ತುಪ್ಪ ಕಡಿಮಿ ಬಿದ್ರ ತಾಟ ಸರಸಿ ಏಳತಾರವ್ವಾ ಇವರು. ಯಾವ ಮಠ ತಡಕೊಂಡೀತು?" ಎಂದರು. ಹೆಂಗಸರು ನಕ್ಕರು, ಆದರೆ ನಂಬಲಿಲ್ಲ. ಬುದ್ಧನ ಹೆಂಡತಿಗೂ ಗೊತ್ತಿರಲಿಲ್ಲ ಎಂದು ಒಬ್ಬಳು ಹೊರಗೆ ಬಂದು ಹೇಳಿದಳು.

ನನಗೆ ಕೊರೆಯುತ್ತಿದ್ದದ್ದು ಬೇರೆ. ಆ ಪದ ಹಾಕಿದವರು ಯಾರು? ಅಚ್ಚಿನ ಮನೆಯವನನ್ನು ಕೇಳಿದೆ. ಕಮಿಟಿಯವರು ಪಿನ್ಶನ್ ಎಂದೇ ಬರೆದುಕೊಟ್ಟಿದ್ದರಂತೆ. ತಿದ್ದಲು ಹೋದದ್ದು ಕೌನ್ಸಿಲ್ ಮಾಸ್ತರರ ಹತ್ತಿರ. ಅವರು, ಪಿನ್ಶನ್ ಎಂಬುದು ಇಂಗ್ರಜಿ ಮಾತು, ಶುದ್ಧ ಕನ್ನಡ ಇರಲಿ ಎಂದು ಬದಲಿಸಿದರಂತೆ. ಊರ ತುಂಬ ಸ್ವಾಮಿ ಸುದ್ದಿ ಹಬ್ಬಿದ ಮೇಲಾದರೂ ಅಲ್ಲವೆಂದು ಹೇಳಬಹುದಿತ್ತು. ಹೇಳಲಿಲ್ಲ. ದಾರಿಯಲ್ಲಿ ಕೈಮುಗಿದವರಿಗೆ ಮರಳಿ ಕೈಮುಗಿದು ಹೋಗುತ್ತಿದ್ದರು.

ಸಮಾರಂಭ ಗೋದಾಮಿನ ಮುಂದಿನ ಬಯಲಿನಲ್ಲಿ. ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ಒಟ್ಟಿ, ಮೇಲೆ ಹಲಗೆ ಹಾಸಿ, ಜಮಖಾನೆ ಹೊದಿಸಿದ್ದರು. ಪಾನಸುಪಾರಿಗೆ ಹೆಂಗಸರು ಬರುವ ಪದ್ಧತಿಯೇ ಇರಲಿಲ್ಲ. ಅಂದು ಬಯಲಿನ ಅರ್ಧ ಹೆಂಗಸರು. ತೆಂಗಿನಕಾಯಿ ತಂದವರು, ಊದಿನಕಡ್ಡಿ ತಂದವರು, ಹುಡುಗರಿಗೆ ದೃಷ್ಟಿಯಾಗಿದೆ ಎಂದು ಎತ್ತಿಕೊಂಡು ಬಂದವರು. ಸಾವುಕಾರರ ತಾಯಿಯೂ ಬಂದು ಮುಂದೆ ಕೂತಿದ್ದರು. ಸಾವುಕಾರರು ಇದೇನಪ್ಪ ಎಂದು ಒಮ್ಮೆ ಈಚೆ, ಒಮ್ಮೆ ಆಚೆ ನೋಡುತ್ತಿದ್ದರು. ಗಂಡಸರು ಭಾಷಣ ಮಾಡಿದರು. ಅವರು ಹೋದರೆ ಶಾಲೆ ಅನಾಥ ಎಂದರು, ಶಾಲೆ ಮುಚ್ಚಲು ಹೊರಟವರೇ ಹಾಗೆಂದರು. ಶಾಲು ಬಂತು, ಹಾರ ಬಂತು. ಕೊನೆಗೆ ಸಾವುಕಾರರು ಬೆಳ್ಳಿಯ ತಾಟಿನಲ್ಲಿ, ಅಡಿಕೆ ಇಟ್ಟು ಮಡಿಚಿದ ವೀಳ್ಯದೆಲೆಗಳನ್ನು ತಂದು ಅವರ ಮುಂದೆ ಹಿಡಿದರು.

ವೀಳ್ಯ ಕೊಟ್ಟರೆಂದರೆ ಸಭೆ ಮುಗಿಯಿತು, ಇನ್ನು ದಯಮಾಡಿಸಬಹುದು ಎಂದರ್ಥ. ಆದರೆ ನಮ್ಮ ಕಡೆ ವೀಳ್ಯಕ್ಕೆ ಇನ್ನೂ ಒಂದು ಹಳೆಯ ಅರ್ಥವಿದೆ. ಯಾರೂ ಮುಂದೆ ಬರದ ಕೆಲಸವಿದ್ದರೆ ಹಿಂದಿನವರು ನಡುಸಭೆಯಲ್ಲಿ ವೀಳ್ಯವಿಡುತ್ತಿದ್ದರು. ಅದನ್ನು ಎತ್ತಿದವನು ಆ ಕೆಲಸ ಹೊತ್ತಂತೆ. ಎತ್ತಿದ ಮೇಲೆ ತಪ್ಪಿದರೆ ಮನೆತನಕ್ಕೇ ಕುಂದು. ಮಾಸ್ತರರು ತಾಟನ್ನು ಎರಡೂ ಕೈಯಿಂದ ತೆಗೆದುಕೊಂಡರು. ಒಂದು ಎಲೆಯನ್ನೂ ಮುಟ್ಟಲಿಲ್ಲ. ಹಲಗೆಯ ಅಂಚಿಗೆ ಬಂದು, ಬಗ್ಗಿ, ತಾಟನ್ನು ಜನರ ಎದುರಿಗೆ ಇಟ್ಟರು.

"ನನಗ ಕೊಟ್ಟ ಎಲಿ ನಾ ತಿನ್ನಂಗಿಲ್ಲ. ಇಲ್ಲೇ ಇಟ್ಟೇನಿ. ಹೆಣ್ಣುಮಕ್ಕಳ ಸಾಲಿ ಈ ಊರಿಗೆ ಬೇಕನ್ನವರು ಬಂದು ಎತ್ರಿ. ಎತ್ತಿದವರು ಸೋಮವಾರ ತಮ್ಮ ಮನಿ ಹುಡುಗೀನ್ನ ಸಾಲಿಗೆ ಕಳಸಬೇಕು. ಇಷ್ಟ ನನ್ನ ಭಾಷಣ."

ಗಂಡಸರ ಕಡೆ ಒಬ್ಬರೂ ಏಳಲಿಲ್ಲ. ಒಬ್ಬರಿಗೆ ಕೆಮ್ಮು ಬಂತು. ಒಬ್ಬರು ಎತ್ತು ಹಗ್ಗ ಕಿತ್ತಿತೇನೋ ನೋಡಿ ಬರುತ್ತೇನೆಂದು ಹೊರಟರು. ಭಾಷಣದಲ್ಲಿ ಕಣ್ಣೀರು ತಂದುಕೊಂಡವರು ರುಮಾಲು ಸರಿಮಾಡಿಕೊಂಡರು. ಸಾವುಕಾರರ ಮುಖ ಮೊದಲು ಕೆಂಪಾಗಿತ್ತು, ಯಾರೂ ಏಳದ್ದನ್ನು ಕಂಡು ತಿಳಿಯಾಯಿತು. ನಾನೇ ಏಳಲೇ ಎಂದರೆ ವಿಧವೆಗೆ ವೀಳ್ಯ ಎಲ್ಲಿಯದು? ಶುಭಕಾರ್ಯದ ತಾಟಿಗೆ ನಾನು ಕೈಹಾಕಿದರೆ ಇದ್ದ ನಾಲ್ಕು ಹುಡುಗಿಯರೂ ಹೋಗುತ್ತಾರೆ.

ಆಗ ಹಿಂದಿನಿಂದ ಒಬ್ಬ ಮುದುಕಿ ಎಲ್ಲರನ್ನೂ ನೂಕುತ್ತ ಬಂದಳು. ಹೂಲಿಯಿಂದ ಮಗಳ ಮನೆಗೆ ಬಂದಿದ್ದವಳು. ಕಿವಿ ಮಂದ, ಅಷ್ಟು ಹಿಂದೆ ಕೂತವಳಿಗೆ ಭಾಷಣ ಕೇಳುವ ಮಾತೇ ಇಲ್ಲ. ಅವಳಿಗೆ ಕಂಡದ್ದು ಹೊಸ ಸ್ವಾಮಿಗಳು, ಮುಂದೆ ತಾಟು, ತಾಟಿನಲ್ಲಿ ಪ್ರಸಾದ. ಬಂದವಳೇ "ಎಪ್ಪಾ, ಸ್ವಾಮೇರ" ಎಂದು ಅವರ ಕಾಲಿಗೆ ಬಿದ್ದಳು. ಎದ್ದು ತಾಟಿನಿಂದ ಒಂದು ವೀಳ್ಯ ತೆಗೆದು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡಳು.

ಗಂಡಸರು ಘೊಳ್ಳೆಂದು ನಕ್ಕರು. "ಏ ಯಮ್ಮಾ, ಅದು ಪ್ರಸಾದ ಅಲ್ಲಬೇ!" ಎಂದು ಸಾವುಕಾರರು ಕೂಗಿದರು.

"ಎತ್ತ್ಯಾಳ್ರಿ, ಸಾವುಕಾರ್ರ" ಎಂದರು ಇವರು, ಮೆಲ್ಲಗೆ. "ಎಲಿ ಬಾಯಾಗ ಹೋತು. ತಿರುಗಿ ಇಸಕೊಳ್ಳಾಕ ಬರತೈತೇನು?"

ಅಷ್ಟರಲ್ಲಿ ಉಳಿದ ಹೆಂಗಸರು ಎದ್ದಿದ್ದರು. ಪ್ರಸಾದ ಮುಗಿದುಬಿಟ್ಟೀತೆಂಬ ಗಡಿಬಿಡಿ. ಒಬ್ಬರ ಹಿಂದೊಬ್ಬರು ಬಂದು ಎಲೆ ತೆಗೆದುಕೊಂಡು ಹೋಗುತ್ತಿದ್ದರೆ ಇವರು ಸ್ವಾಮಿಗಳ ಹಾಗೆಯೇ ಕೈಮುಗಿದು ನಿಂತಿದ್ದರು. ಮುಂದೆ ಕೂತಿದ್ದ ಕೆಲವರು ಮಾತ್ರ ಭಾಷಣ ಕೇಳಿಸಿಕೊಂಡಿದ್ದರು. ಅವರಲ್ಲಿ ಸಾವುಕಾರರ ತಾಯಿ ಒಬ್ಬರು. ಅವರೂ ಎದ್ದರು. ಮಗನ ಮುಖ ಒಮ್ಮೆ ನೋಡಿ, ಒಂದು ಎಲೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ತಾಟು ಬರಿದಾಯಿತು. ಊರು ಬಂದು ಹೇಳಲಿ ಎಂದವರು ತಮ್ಮ ದುಡ್ಡಿನಲ್ಲೇ ಮತ್ತಷ್ಟು ಎಲೆ ತರಿಸಿ ಕೊಡಬೇಕಾಯಿತು. ಎಲೆ ಎತ್ತಿದವರು ಸೋಮವಾರ ಹುಡುಗಿಯನ್ನು ಶಾಲೆಗೆ ಕಳಿಸಬೇಕೆಂಬ ಮಾತು ಸ್ವಾಮಿಗಳ ಅಪ್ಪಣೆಯಾಗಿ ಬಾಯಿಂದ ಬಾಯಿಗೆ ಹಬ್ಬಿತು.

ಶಾಲೆ ಉಳಿಯಿತೆಂದು ನಾನು ಕುಣಿಯಬೇಕಾಗಿತ್ತು. ಕುಣಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರ ಮನೆಗೆ ಹೋದೆ.

"ಇದು ಮೋಸ ಅಲ್ಲೇನ್ರಿ?"

ಅವರು ರುಮಾಲು ಬಿಚ್ಚಿಡುತ್ತಿದ್ದರು. "ನಾ ಏನ ಸುಳ್ಳ ಹೇಳೇನ್ರಿ ಅಕ್ಕೋರ?"

"ಖರೇನೂ ಹೇಳಲಿಲ್ಲಲ್ರಿ. ಆ ಮುದುಕಿ ಕಾಲಿಗೆ ಬಿದ್ದಾಗ ಸುಮ್ಮನ ನಿಂತ್ರಿ. ನಿವೃತ್ತಿ ಅಂತ ತಿದ್ದಿದವರು ನೀವ. ಇವರೆಲ್ಲಾ ಬರತಾರಂತ ಗೊತ್ತಿದ್ದ ತಿದ್ದಿದ್ರೋ, ಹಂಗ ತಿದ್ದಿದ್ರೋ?"

"ಯಾಕ್ರಿ, ಚಲೋ ಶಬ್ದ ಅಲ್ಲೇನದು?"

"ನಾಳಿಗೆ ಅವರಿಗೆ ಖರೇ ಗೊತ್ತಾಗ್ತದ. ಆವಾಗ ಹುಡುಗಿಯರನ್ನ ಎಳಕೊಂಡು ಹೋಗ್ತಾರ. ನಿಮ್ಮನ್ನಲ್ಲ, ನನ್ನನ್ನ ಬೈತಾರ."

ನೋಡೂಣು ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ರುಮಾಲಿಲ್ಲದ ಅವರ ತಲೆ ಪೂರಾ ಬೆಳ್ಳಗಾಗಿತ್ತು. ಅದನ್ನು ನಾನು ಮೊದಲ ಸಲ ನೋಡಿದೆ. "ಹಂಗಾದ್ರ ನೀವ ಖರೇ ಹೇಳಿಬಿಡ್ರಿ" ಎಂದರು. "ನಾ ಹೇಳಿದ್ರ ಯಾರೂ ನಂಬೂದಿಲ್ಲ. ಕೌನ್ಸಿಲ್ ಮೆಟ್ಟಲಾ ಹತ್ತಿದಾಂವ ಖರೇ ಹೇಳಿದ್ರೂ ಅದರಾಗ ಏನೋ ಐತಿ ಅಂತಾರ. ನೀವು ಸೈತ ಹಂಗ ಅಂತೀರಿ. ನಿಮ್ಮ ಮಾತು ನಂಬತಾರ. ಹೇಳಿಬಿಡ್ರಿ."

ಆ ಗಳಿಗೆಯಲ್ಲಿ ಅವರ ಮೇಲೆ ಕನಿಕರ ಬಂತು. ಬಂತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮನೆಗೆ ಬಂದ ಮೇಲೆ ಆ ಕನಿಕರವನ್ನೂ ತಿರುವಿ ಹಾಕಿ ನೋಡಿದೆ, ಅದನ್ನೂ ಅವರೇ ಬೇಕೆಂದು ತರಿಸಿದರೇನೋ ಎಂದು. ಭಾನುವಾರ ಪೂರ್ತಿ ಲೆಕ್ಕ ಹಾಕಿದೆ. ಬಾಯಿ ಮುಚ್ಚಿಕೊಂಡು ಇದ್ದರೆ ಶಾಲೆ ತುಂಬುತ್ತದೆ, ನಾನು ಉಳಿಯುತ್ತೇನೆ. ಬಾಯಿ ಬಿಟ್ಟರೆ ಹುಡುಗಿಯರು ತಿರುಗಿ ಹೋಗುತ್ತಾರೆ, ಗೋದಾಮಿಗೆ ಹತ್ತಿ ಬರುತ್ತದೆ, ನಾನು ರಾಮದುರ್ಗಕ್ಕೆ. ಅವರು ನನ್ನ ಕೈಗೆ ಕೊಟ್ಟದ್ದು ಕೀಲಿಕೈಯೋ, ಕೆಂಡವೋ ತಿಳಿಯಲಿಲ್ಲ.

ಸೋಮವಾರ ಗೋದಾಮಿನ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತೆ. ಬಂದಿದ್ದರು. ಎಣ್ಣೆ ಹಚ್ಚಿ ಹೆಣೆದ ತಲೆಗಳು, ತಾಯಂದಿರು, ಅಜ್ಜಿಯರು, ಓಣಿಯ ತುಂಬ. ಎಲ್ಲರ ಮುಂದೆ ಆ ಹೂಲಿಯ ಮುದುಕಿ, ಮೊಮ್ಮಗಳ ರೆಟ್ಟೆ ಹಿಡಿದುಕೊಂಡು. ಒಳಗೆ ಬಿಟ್ಟರೆ ಸಾಕಿತ್ತು. ನನ್ನ ಕಾಲು ಹೊಸ್ತಿಲು ಬಿಟ್ಟು ಸರಿಯಲಿಲ್ಲ.

"ಅಜ್ಜೀ" ಎಂದು ಅವಳ ಕಿವಿಯ ಹತ್ತಿರ ಬಗ್ಗಿ, ಹಿಂದಿನವರಿಗೂ ಕೇಳಲಿ ಎಂದು ಜೋರಾಗಿ ಹೇಳಿದೆ. "ನೀವು ಮೊನ್ನೆ ತಿಂದದ್ದು ಪ್ರಸಾದ ಅಲ್ಲ. ಮಾಸ್ತರ್ರು ಸ್ವಾಮಿ ಆಗಿಲ್ಲ. ಅವರದು ಕೆಲಸ ಮುಗದದ, ಮನ್ಯಾಗ ರೊಟ್ಟಿ ತಿನ್ಕೋತ ಕೂತಾರ. ಗೊತ್ತಿಲ್ಲದ ತಿಂದದ್ದಕ್ಕ ಮಾತು ಕೊಟ್ಟಂಗ ಆಗೂದಿಲ್ಲ. ನೀವು ಹುಡುಗೀನ್ನ ಕರಕೊಂಡು ಹೋದ್ರೂ ಯಾರೂ ತಪ್ಪು ಅನ್ನೂದಿಲ್ಲ."

ಹಿಂದೆ ಯಾರೋ ಮಗಳ ಕೈ ಹಿಡಿದು ಅರ್ಧ ತಿರುಗಿದ್ದು ಕಂಡಿತು. ಮುದುಕಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಅವರು ಸ್ವಾಮಿ ಅಲ್ಲಂದ್ರಿ."

"ಅಲ್ಲ."

"ಅದು ಪ್ರಸಾದೂ ಅಲ್ಲಂದ್ರಿ."

"ಅಲ್ಲಜ್ಜಿ."

"ಎಲಿ ಖರೇ ಇತ್ತಿಲ್ಲೋ?"

"ಎಲಿ ಖರೇನ ಇತ್ತು."

"ನಾ ತಿಂದದ್ದು?"

"ಅದೂ ಖರೇ."

"ಮತ್ತ ಬಾಗಲಾ ಬಿಟ್ಟ ಸರೀರಿ ಅತ್ತಾಗ" ಎಂದು ಮೊಣಕೈಯಿಂದ ನನ್ನನ್ನು ಬದಿಗೆ ಒತ್ತಿ, ಮೊಮ್ಮಗಳನ್ನು ಒಳಗೆ ದೂಡಿದಳು.